ಶೀಷೆಯ ಕೆಂಪು

ವಿಶೇಷಣವು ವಿಶೇಷ್ಯಕ್ಕೆ ಅಧೀನವಾಗಿರಬೇಕೆಂಬುದು ವ್ಯಾಕರಣದ ಮೊದಲ ಪಾಠಗಳಲ್ಲೊಂದು. ಸೇವಕನು ಒಡೆಯನನ್ನು ಹೊರಗಟ್ಟಿ ಮನೆಯ ಯಜಮಾನಿಕೆಯನ್ನು ತಾನೇ ವಹಿಸಿಕೊಂಡರೆ ಹೇಗಿದ್ದೀತೆಂಬುದನ್ನು ನೋಡಬೇಕಾದರೆ ವಾಚಕರು ಬಹುದೂರ ಹೋಗಬೇಕಾಗಿಲ್ಲ. ಬೀದಿಯ ಕೊನೆಯ ಬೇಕರಿಯ ಗಾಜಿನ ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿದರೆ ಸಾಕು. ಅಲ್ಲಿ ‘ರೆಡ್ ವೆಲ್ವೆಟ್’ ಎಂಬ ಹೆಸರಿನ ಕೇಕು ರಾರಾಜಿಸುತ್ತಿರುತ್ತದೆ. ಹೆಸರಿನಲ್ಲಿ ಎರಡು ಮಾತುಗಳುಂಟು. ಮಖಮಲ್ಲು ವಿಶೇಷ್ಯ, ಕೆಂಪು ವಿಶೇಷಣ. ಆದರೆ ಬಾಯಿಗಿಟ್ಟವರಿಗೆ ದೊರೆಯುವುದು ಬಹುಮಟ್ಟಿಗೆ ಕೆಂಪು ಮಾತ್ರ. ಮಖಮಲ್ಲು ಎಂದೋ ಮನೆ ಬಿಟ್ಟು ಹೋಗಿದೆ. ಅಂಗಡಿಯವರು ಹೀಗೆ ಮಾಡಿದರೆ ಅದು ವ್ಯಾಪಾರವೆಂದು ಸುಮ್ಮನಾಗಬಹುದು. ಆದರೆ ಅದೇ ತಿನಿಸನ್ನು ನಮ್ಮ ಮನೆಯಲ್ಲಿ, ನಮ್ಮ ಕೈಯಾರೆ, ನಮ್ಮ ಮಕ್ಕಳಿಗಾಗಿ ಮಾಡುವಾಗಲೂ ಶೀಷೆಯ ಮುಚ್ಚಳ ತಿರುಗಿಸಿ ಬಣ್ಣ ಸುರಿಯುತ್ತೇವಲ್ಲ, ಅದಕ್ಕೆ ಏನು ಸಮಾಧಾನ? ನನ್ನ ತಕರಾರು ಅಂಗಡಿಯೊಡನಲ್ಲ, ಮನೆಯೊಡನೆ.

ನಾನು ಹೇಳುತ್ತಿರುವುದು ಮೂರಂತಸ್ತಿನ ಹುಟ್ಟುಹಬ್ಬದ ಕೇಕಿನ ವಿಷಯವಲ್ಲ. ಅಂಗೈಯಗಲಕ್ಕಿಂತ ಚಿಕ್ಕದಾದ ಎರಡು ಮೆತ್ತನೆಯ ಬಿಲ್ಲೆಗಳ ನಡುವೆ ಕ್ರೀಮ್ ಚೀಸನ್ನು ತುಂಬಿ ಒತ್ತಿದ ಜೋಡಿ ಕೇಕುಗಳ ವಿಷಯ. ಅಮೆರಿಕದಲ್ಲಿ ಇವಕ್ಕೆ ‘ವೂಪಿ ಪೈ’ ಎಂಬ ಕುಣಿದಾಡುವ ಹೆಸರುಂಟು. ಈಶಾನ್ಯದ ಮೇನ್ ಸಂಸ್ಥಾನವೂ ಪೆನ್ಸಿಲ್ವೇನಿಯವೂ ಇದರ ತವರು ತಮ್ಮದೇ ಎಂದು ವಾದ ಹೂಡಿಕೊಂಡು ಬಂದಿವೆ. 2011ರಲ್ಲಿ ಮೇನ್ ಸಂಸ್ಥಾನವಂತೂ ಶಾಸನದ ಮೂಲಕವೇ ಇದನ್ನು ತನ್ನ ಅಧಿಕೃತ ತಿನಿಸನ್ನಾಗಿ ಮಾಡಿಕೊಂಡಿತು. ಅಲ್ಲಿಯ ಹಳೆಯ ಬಗೆ ಕೋಕೋ ಬೆರೆತ ಕಪ್ಪು ಬಿಲ್ಲೆ, ನಡುವೆ ಬಿಳಿಯ ಕ್ರೀಮು. ಕೆಂಪು ಬಗೆ ಈಚಿನದು. ಮನೆಯ ಸಣ್ಣ ಓವನ್ನಿಗೆ ಇದು ಹೇಳಿ ಮಾಡಿಸಿದಂಥ ತಿನಿಸು. ಅಚ್ಚಿನ ಪಾತ್ರೆ ಬೇಡ, ಕತ್ತರಿಸುವ ಚಾತುರ್ಯ ಬೇಡ, ಹತ್ತು ನಿಮಿಷದಲ್ಲಿ ಬೇಯುತ್ತದೆ. ಇಷ್ಟು ಸುಲಭವಾದ, ಇಷ್ಟು ಸೊಗಸಾದ ವಸ್ತುವನ್ನು ನಾವೇ ಕೆಡಿಸಿಕೊಳ್ಳುತ್ತಿದ್ದೇವೆಂಬುದೇ ನನ್ನ ದುಃಖ.

ಮೊದಲು ಮಖಮಲ್ಲಿನ ವಂಶಾವಳಿಯನ್ನು ನೋಡೋಣ. 1870ರ ದಶಕದ ಅಮೆರಿಕದ ಪಾಕಪುಸ್ತಕಗಳಲ್ಲಿ ‘ವೆಲ್ವೆಟ್ ಕೇಕ್’ ಎಂಬ ಮಾತು ಬರುತ್ತದೆ. ಅಲ್ಲಿ ಕೆಂಪಿನ ಸುಳಿವಿಲ್ಲ. ಒರಟು ಕೇಕುಗಳ ನಡುವೆ ನಾಲಿಗೆಗೆ ನಯವಾಗಿ ಸೋಕುವ, ಸಣ್ಣ ರವೆಯಂಥ ಒಳಮೈಯುಳ್ಳ ಕೇಕಿಗೆ ಆ ಹೆಸರು. ಹಿಟ್ಟಿನ ಬಿಗಿಯನ್ನು ಸಡಿಲಿಸುವುದಕ್ಕೆಂದು ಜೋಳದ ಪಿಷ್ಟವನ್ನೋ ಮುಂದೆ ಕೋಕೋವನ್ನೋ ಬೆರೆಸುತ್ತಿದ್ದರು. ಹುಳಿಮಜ್ಜಿಗೆಯೂ ಅದೇ ಕೆಲಸಕ್ಕೆ ಸಹಾಯವಾಗುತ್ತಿತ್ತು. ಎಂದರೆ ಮಖಮಲ್ಲೆಂಬುದು ಸ್ಪರ್ಶದ ಮಾತು, ಕಣ್ಣಿನ ಮಾತಲ್ಲ. ನಮ್ಮಲ್ಲಿ ಒಳ್ಳೆಯ ಹೋಳಿಗೆಯನ್ನು ‘ರೇಷ್ಮೆಯಂತಿದೆ’ ಎಂದು ಹೊಗಳುವವರು ಅದರ ಬಣ್ಣವನ್ನು ಹೊಗಳುತ್ತಿರುವುದಿಲ್ಲವಷ್ಟೆ.

ಕೆಂಪು ಬಂದದ್ದು ಹೇಗೆ? ಮಜ್ಜಿಗೆ, ವಿನಿಗರು, ಕೋಕೋ, ಈ ಮೂರರ ಸಹವಾಸದಿಂದ. ಕ್ಷಾರದಿಂದ ಸಂಸ್ಕರಿಸದ ಕೋಕೋ ಪುಡಿ ಸ್ವಭಾವತಃ ಹುಳಿ. ಅದರಲ್ಲಿರುವ ಕೆಲವು ವರ್ಣದ್ರವ್ಯಗಳು ಹುಳಿಯ ನೆರೆಯಲ್ಲಿ ನಸುಗೆಂಪಿನತ್ತ ವಾಲುತ್ತವೆ. ಕನ್ನಡದ ಗೃಹಿಣಿಗೆ ಇದನ್ನು ರಸಾಯನಶಾಸ್ತ್ರಜ್ಞರು ಬಂದು ತಿಳಿಸಬೇಕಾಗಿಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಆರತಿಯ ತಟ್ಟೆ ರಕ್ತವರ್ಣಕ್ಕೆ ತಿರುಗುವುದನ್ನು ಆಕೆ ನೂರು ಸಲ ಕಂಡಿದ್ದಾಳೆ. ಅರಿಶಿನ ಸುಣ್ಣ ಸೋಕಿ ಕೆಂಪಾಗುತ್ತದೆ. ಕೋಕೋ ಹುಳಿ ಸೋಕಿ ಕೆಂಪಾಗುತ್ತದೆ. ವ್ಯತ್ಯಾಸವಿಷ್ಟೇ: ಕೋಕೋವಿನ ಕೆಂಪು ಬಹಳ ಸಂಕೋಚದ ಕೆಂಪು. ಕಂದುಬಣ್ಣದ ಒಳಗಿನಿಂದ ಹಂಚಿನ ಛಾಯೆಯೊಂದು ಇಣುಕಿದಂತೆ ಕಾಣುತ್ತದೆ, ಅಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನ ವಾನ್ ಹೌಟೆನ್ ರೂಢಿಗೆ ತಂದ ಕ್ಷಾರಸಂಸ್ಕಾರದಿಂದ ಕೋಕೋವಿನ ಕಹಿಯೂ ಹುಳಿಯೂ ಇಳಿದವು, ಬಣ್ಣ ಕಪ್ಪಾಯಿತು. ಅಂತಹ ಪುಡಿಯಲ್ಲಿ ಆ ಅಲ್ಪಸ್ವಲ್ಪ ಕೆಂಪಿಗೂ ಎಡೆಯಿಲ್ಲದಾಯಿತು.

ಇಂತಹ ಸಂಕೋಚದ ಕೆಂಪನ್ನು ಬೀದಿಯ ಕೆಂಪನ್ನಾಗಿ ಮಾಡಿದವರು ಬಣ್ಣದ ವ್ಯಾಪಾರಿಗಳು. ಟೆಕ್ಸಾಸಿನ ಆಡಮ್ಸ್ ಎಕ್ಸ್‌ಟ್ರ್ಯಾಕ್ಟ್ ಎಂಬ ಕಂಪನಿ ಸುವಾಸನೆಯ ಸತ್ತ್ವಗಳನ್ನೂ ತಿನಿಸಿನ ಬಣ್ಣಗಳನ್ನೂ ಮಾರುತ್ತಿತ್ತು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಜನ ಕೈಬಿಗಿ ಹಿಡಿದಾಗ, ಅಂಗಡಿಗಳಲ್ಲಿ ಕೆಂಪು ಕೇಕಿನ ಪಾಕವಿಧಿಯ ಚೀಟಿಗಳನ್ನು ಹಂಚಿ, ಅದರ ನೆಪದಲ್ಲಿ ಬಣ್ಣದ ಶೀಷೆಗಳನ್ನು ಮಾರಿದ್ದಾಗಿ ಆ ಕಂಪನಿಯೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನಾನು ಅವರನ್ನು ದೂರುವುದಿಲ್ಲ. ಶೀಷೆ ಮಾರುವವರು ಶೀಷೆಯ ಗುಣವನ್ನೇ ಹಾಡಬೇಕು. ಆದರೆ ಮುಂದಿನ ಪಾಕವಿಧಿಗಳನ್ನು ನೋಡಿ: ಬಣ್ಣದ ಅಳತೆ ಹನಿಯ ಲೆಕ್ಕದಲ್ಲಿಲ್ಲ, ಔನ್ಸಿನ ಲೆಕ್ಕದಲ್ಲಿದೆ. ಒಂದು ಕೇಕಿಗೆ ಒಂದು ಔನ್ಸು, ಕೆಲವೆಡೆ ಎರಡು ಔನ್ಸು. ಒಂದು ಔನ್ಸೆಂದರೆ ಹತ್ತಿರ ಹತ್ತಿರ ಮೂವತ್ತು ಮಿಲಿಲೀಟರು, ಎರಡು ದೊಡ್ಡ ಚಮಚ. ವೆನಿಲಾ ಒಂದು ಸಣ್ಣ ಚಮಚ, ಬಣ್ಣ ಅದರ ಆರು ಪಟ್ಟು! ಕೋಕೋವೂ ಬಣ್ಣವೂ ಸಮಸಮವಾಗಿ ಬೀಳುವ ಕೇಕನ್ನು ಕೋಕೋವಿನ ಕೇಕೆನ್ನಬೇಕೋ ಬಣ್ಣದ ಕೇಕೆನ್ನಬೇಕೋ, ನೀವೇ ಹೇಳಿ.

ಇದರ ಬೆನ್ನಿಗೆ ಒಂದು ಐತಿಹ್ಯವೂ ಹುಟ್ಟಿಕೊಂಡಿತು. ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯ ಹೋಟೆಲಿನಲ್ಲಿ ಊಟ ಮಾಡಿದ ಮಹಿಳೆಯೊಬ್ಬಳು ಈ ಕೇಕಿನ ಪಾಕವಿಧಿಯನ್ನು ಕೇಳಿದಳಂತೆ. ಹೋಟೆಲಿನವರು ಕೊಟ್ಟು, ಕೂಡಲೇ ದೊಡ್ಡ ಮೊತ್ತದ ಬಿಲ್ಲನ್ನೂ ಕಳಿಸಿದರಂತೆ. ಸಿಟ್ಟಿಗೆದ್ದ ಆಕೆ ಅದನ್ನು ಊರಿಗೆಲ್ಲ ಹಂಚಿಬಿಟ್ಟಳಂತೆ. ಇದೇ ಕಥೆಯನ್ನು ಹೆಸರು ಬದಲಿಸಿ ಬೇರೆ ತಿನಿಸುಗಳ ಮೇಲೂ ಹೇಳಿದ್ದಾರೆ. ನಮ್ಮ ಊರೂರಿನಲ್ಲಿ ಸೀತಮ್ಮನ ಕೊಳಗಳಿರುವಂತೆ, ದುಬಾರಿ ಬಿಲ್ಲಿನ ಕೇಕು ಅಮೆರಿಕದ ಸ್ಥಳಪುರಾಣ. ಮುಂದೆ 1989ರಲ್ಲಿ ‘ಸ್ಟೀಲ್ ಮ್ಯಾಗ್ನೋಲಿಯಾಸ್’ ಎಂಬ ಚಲನಚಿತ್ರದಲ್ಲಿ ಆರ್ಮಡಿಲೋ ಎಂಬ ಪ್ರಾಣಿಯ ಆಕಾರದ ಕೇಕೊಂದನ್ನು ಕತ್ತರಿಸಿದಾಗ ಒಳಗೆ ಕಡುಗೆಂಪು ಕಂಡಿತು. ಅಲ್ಲಿ ಆ ಕೆಂಪು ಹಾಸ್ಯಕ್ಕಾಗಿ ಇತ್ತು. ಹಾಸ್ಯವನ್ನು ಬಿಟ್ಟು ಕೆಂಪನ್ನು ಮಾತ್ರ ಜಗತ್ತು ಎತ್ತಿಕೊಂಡಿತು.

ಈಗ ಆರೋಗ್ಯದ ಮಾತು. ವಾದಕ್ಕೆ ಬಲ ಬರಲೆಂದು ‘ವಿಷ, ವಿಷ’ ಎಂದು ಕೂಗುವುದು ನನಗೆ ಸೇರದು. ನಿಜವನ್ನು ಅದರ ಅಳತೆಯಲ್ಲೇ ಹೇಳೋಣ. ಅಮೆರಿಕದ ಸರಕಾರ 1976ರಲ್ಲಿ ಎರಡನೆಯ ನಂಬರಿನ ಕೆಂಪನ್ನು ನಿಷೇಧಿಸಿತು. 2025ರ ಜನವರಿಯಲ್ಲಿ ಮೂರನೆಯ ನಂಬರಿನ ಕೆಂಪಿಗೆ ಆಹಾರದಲ್ಲಿ ಕೊಟ್ಟಿದ್ದ ಅನುಮತಿಯನ್ನು ರದ್ದುಪಡಿಸಿತು. ಯುರೋಪಿನ ಒಕ್ಕೂಟದಲ್ಲಿ 2010ರಿಂದ ಆರು ಕೃತಕ ಬಣ್ಣಗಳಿಗೆ, ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಯ ಮೇಲೆ ಕೆಟ್ಟ ಪರಿಣಾಮವಾಗಬಹುದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಬೇಕರಿಯ ಕೆಂಪಿಗೆ ಬಳಕೆಯಾಗುವ ಕಾರ್ಮೋಸಿನ್, ಪಾನ್ಸೋ 4ಆರ್, ಅಲ್ಲೂರ ರೆಡ್ ಮೂರೂ ಆ ಆರರಲ್ಲಿವೆ. ನಮ್ಮ ಕರ್ನಾಟಕದಲ್ಲಿಯೇ 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು ಆಜ್ಞೆಯಾಯಿತು. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕುಗಳ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಅಪಾಯಕರ ಪ್ರಮಾಣದ ಕೃತಕ ಬಣ್ಣಗಳು ಸಿಕ್ಕವು. ಇಲಾಖೆಯ ಎಚ್ಚರಿಕೆಯಲ್ಲಿ ರೆಡ್ ವೆಲ್ವೆಟ್ಟಿನ ಹೆಸರು ಎದ್ದು ಕಾಣುತ್ತಿತ್ತು. ಉಳಿದ 223 ಸುರಕ್ಷಿತವಾಗಿದ್ದುವೆಂಬುದನ್ನೂ ಮರೆಯಬಾರದು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಅಂಗಡಿಗೆ ಇನ್ಸ್‌ಪೆಕ್ಟರು ಬಂದಾನು, ಮಾದರಿ ಒಯ್ದಾನು, ಅಳೆದಾನು. ನಮ್ಮ ಅಡಿಗೆಮನೆಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಕಿಲೋಗ್ರಾಮಿಗೆ ಇಷ್ಟೇ ಮಿಲಿಗ್ರಾಮು ಎಂದು ಕಾನೂನು ಕಟ್ಟಿಟ್ಟ ಮಿತಿ, ‘ಇನ್ನೂ ಸ್ವಲ್ಪ ಕೆಂಪಾಗಲಿ’ ಎಂದು ಶೀಷೆ ಬಗ್ಗಿಸುವ ಅಕ್ಕರೆಯ ಕೈಗೆ ಗೊತ್ತೇ? ಅಂಗಡಿಯಲ್ಲಿ ಬಣ್ಣ ಹಾಕುವವನಿಗೆ ಬಣ್ಣದ ಬೆಲೆಯಾದರೂ ಕೈ ತಡೆದೀತು. ಮನೆಯಲ್ಲಿ ತಡೆಯುವುದು ಯಾವುದೂ ಇಲ್ಲ. ಮನೆಯ ತಿಂಡಿ ಸುರಕ್ಷಿತವೆಂಬ ನಂಬಿಕೆಯೇ ಅಲ್ಲಿ ಅಪಾಯಕ್ಕೆ ಬಾಗಿಲು.

ಇನ್ನು ಆಕ್ಷೇಪಣೆಗಳು. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಗಣಿತದ ಮಿತ್ರರೊಬ್ಬರು ಕೇಳಿದರು: “ನೀವು ಕನ್ನಡದವರು ಕೇಸರಿಬಾತಿಗೆ ಏನು ಹೇಳುತ್ತೀರಿ?” ಪ್ರಶ್ನೆ ಮೊನಚಾದದ್ದೇ. ಕೇಸರಿ ಎಂಬುದು ಹೂವಿನ ಶಲಾಕಾಗ್ರದ ಎಳೆ. ಅದರ ಬಣ್ಣದ ಜೊತೆಗೆ ಅದರ ಪರಿಮಳವೂ ಬರುತ್ತಿತ್ತು. ಎಳೆ ದುಬಾರಿಯಾಯಿತು, ಹೆಸರು ಉಳಿಯಿತು, ಹೆಸರನ್ನು ಉಳಿಸಿಕೊಳ್ಳಲು ಕಿತ್ತಳೆ ಬಣ್ಣದ ಪುಡಿಯ ಪೊಟ್ಟಣ ಬಂತು. ಇಂದು ‘ಕೇಸರಿ’ ಎಂದರೆ ಅನೇಕರ ಪಾಲಿಗೆ ಆ ಪುಡಿಯೇ. ಆದರೆ ಈ ಉದಾಹರಣೆ ನನ್ನ ವಾದಕ್ಕೆ ಎದುರಲ್ಲ, ಆಧಾರ. ಅಮೆರಿಕದ ಮಖಮಲ್ಲಿಗೆ ಆದದ್ದೇ ನಮ್ಮ ಕೇಸರಿಗೂ ಆಗಿದೆ. ವಸ್ತು ಹೋಗಿ ಬಣ್ಣ ಉಳಿಯುವ ಈ ರೋಗಕ್ಕೆ ದೇಶಭಾಷೆಗಳ ಭೇದವಿಲ್ಲ. ಬಣ್ಣವಿಲ್ಲದ ಸಜ್ಜಿಗೆಯನ್ನು ಸತ್ಯನಾರಾಯಣನ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿನ್ನುವ ನಾಡು ನಮ್ಮದು. ಅದಕ್ಕೆ ಎಂದಾದರೂ ಬಣ್ಣ ಸಾಲದೆಂದು ಯಾರಾದರೂ ಮುಖ ಸಿಂಡರಿಸಿದ್ದುಂಟೇ?

ಎರಡನೆಯ ಆಕ್ಷೇಪಣೆ ವಿಚಾರಕ್ಕೆ ಅರ್ಹವಾದದ್ದು. ಅಮೆರಿಕದ ಕರಿಯ ಜನ, 1865ರ ಜೂನ್ 19ರಂದು ಟೆಕ್ಸಾಸಿನ ಗುಲಾಮರಿಗೆ ಬಿಡುಗಡೆಯ ವಾರ್ತೆ ತಲುಪಿದ ದಿನವನ್ನು ‘ಜೂನ್‌ಟೀನ್ತ್’ ಎಂದು ಆಚರಿಸುವಾಗ ಕೆಂಪು ಪಾನಕ, ಕಲ್ಲಂಗಡಿ, ಕೆಂಪು ಕೇಕುಗಳನ್ನು ಬಡಿಸುತ್ತಾರೆ. ಆ ಕೆಂಪಿನಲ್ಲಿ ಅವರ ಹಿರಿಯರ ರಕ್ತದ ನೆನಪಿದೆ. ಅರ್ಥವುಳ್ಳ ಬಣ್ಣದೊಡನೆ ನನಗೆ ಜಗಳವಿಲ್ಲ. ನಮ್ಮ ಕುಂಕುಮದೊಡನೆ ಜಗಳವಿಲ್ಲದಂತೆ. ಆದರೆ ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಅಡಿಗೆಮನೆಯಲ್ಲಿ ಭಾನುವಾರದ ಮಧ್ಯಾಹ್ನ ಸುರಿಯುವ ಶೀಷೆಯಲ್ಲಿ ಯಾವ ನೆನಪಿದೆ? ಅಂಗಡಿಯದ್ದರಂತೆ ಕಾಣಬೇಕೆಂಬ ಆಸೆಯೊಂದನ್ನು ಬಿಟ್ಟರೆ ಮತ್ತೇನೂ ಇಲ್ಲ. ಮನೆಯದು ಅಂಗಡಿಯದ್ದರಂತೆ ಕಾಣಬೇಕಾದರೆ ಅಂಗಡಿಯಿಂದಲೇ ತರಬಹುದಲ್ಲ!

ಮೂರನೆಯವರು ‘ಹಾಗಾದರೆ ಬೀಟ್‌ರೂಟು ಹಾಕೋಣ’ ಎನ್ನುತ್ತಾರೆ. ಹಾಕಿ, ಬೇಡವೆನ್ನುವುದಿಲ್ಲ. ಆದರೆ ಬೀಟ್‌ರೂಟಿನ ಕೆಂಪು ಒಲೆಯ ಬಿಸಿಗೆ ಕಂದುತ್ತದೆ, ಸೋಡಾ ಹೆಚ್ಚಾದರೆ ಇನ್ನೂ ಬೇಗ ಕೆಡುತ್ತದೆ. ಸಾಲದೆಂದು ಸುರಿದರೆ ಮಣ್ಣಿನ ವಾಸನೆ ಎದ್ದು ಕೇಕು ಪಲ್ಯವಾಗುತ್ತದೆ. ‘ಸ್ವಾಭಾವಿಕ ಬಣ್ಣ’ ಎಂಬ ಚೀಟಿಯನ್ನು ನಂಬಿ ಕೊಂಡರೆ, ಅದು ಕೋಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ತೆಗೆದ ಕೆಂಪಾಗಿದ್ದೀತು. ಸಸ್ಯಾಹಾರಿಗಳು ಚೀಟಿಯ ಸಣ್ಣ ಅಕ್ಷರಗಳನ್ನು ಓದಿಕೊಳ್ಳುವುದು ಮೇಲು. ಬೇಕಾದದ್ದು ಶೀಷೆಯನ್ನು ಬದಲಿಸುವುದಲ್ಲ, ಶೀಷೆಯ ಹಂಬಲವನ್ನು ಬಿಡುವುದು.

ಬರಿಯ ಖಂಡನೆಯಿಂದ ಹೊಟ್ಟೆ ತುಂಬದು, ಮಂಡನೆಯೂ ಬೇಕು. ಹನ್ನೆರಡು ಜೋಡಿಗಳಿಗೆ ಮೈದಾಹಿಟ್ಟು 250 ಗ್ರಾಂ, ಕ್ಷಾರ ಸೋಕದ ಕೋಕೋ ಎರಡು ದೊಡ್ಡ ಚಮಚ, ಬೇಕಿಂಗ್ ಪೌಡರು ಅರ್ಧ ಸಣ್ಣ ಚಮಚ, ಸೋಡಾ ಕಾಲು ಚಮಚ, ಚಿಟಿಕೆ ಉಪ್ಪು; ಇವನ್ನು ಒಟ್ಟಿಗೆ ಜರಡಿ ಹಿಡಿಯಬೇಕು. ಬೆಣ್ಣೆ 115 ಗ್ರಾಂ, ಕಂದು ಸಕ್ಕರೆ 180 ಗ್ರಾಂ, ಎರಡನ್ನೂ ಹಗುರವಾಗುವವರೆಗೆ ಕಡೆದು, ಒಂದು ಮೊಟ್ಟೆಯನ್ನೂ ಒಂದು ಚಮಚ ವೆನಿಲಾವನ್ನೂ ಸೇರಿಸಬೇಕು. ಮೊಟ್ಟೆ ಒಲ್ಲದವರು ಮೂರು ದೊಡ್ಡ ಚಮಚ ಗಟ್ಟಿಮೊಸರು ಹಾಕಲಿ. ಮಜ್ಜಿಗೆ 120 ಮಿಲಿಲೀಟರು. ನಮ್ಮ ನೀರುಮಜ್ಜಿಗೆ ಇಲ್ಲಿ ನಡೆಯದು. ಹುಳಿಮೊಸರಿಗೆ ಕಾಲುಭಾಗ ನೀರು ಬೆರೆಸಿ ಕಡೆದದ್ದು ಬೇಕು. ಅದಕ್ಕೆ ಒಂದು ಸಣ್ಣ ಚಮಚ ವಿನಿಗರು. ಹಿಟ್ಟನ್ನೂ ಮಜ್ಜಿಗೆಯನ್ನೂ ಸರದಿಯಂತೆ ಬೆರೆಸಿ, ಒಂದಾದೊಡನೆ ಕೈ ನಿಲ್ಲಿಸಬೇಕು. ಹೆಚ್ಚು ತಿರುವಿದರೆ ಹಿಟ್ಟು ನಾರುಗಟ್ಟಿ ಮಖಮಲ್ಲು ಹೋಗಿ ಗೋಣಿಯಾಗುತ್ತದೆ. ದೊಡ್ಡ ಚಮಚದಷ್ಟು ಉಂಡೆಗಳನ್ನು ಅಂತರ ಬಿಟ್ಟು ತಟ್ಟೆಯ ಮೇಲಿಟ್ಟು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ನಿಮಿಷ. ಬೆರಳಿನಿಂದ ಒತ್ತಿದರೆ ಮೇಲಕ್ಕೆ ಪುಟಿಯಬೇಕು, ಅಷ್ಟೆ. ಸೋಡಾ ಕಡಿಮೆ ಹೇಳಿದ್ದಕ್ಕೆ ಕಾರಣವಿದೆ: ಅದು ಹೆಚ್ಚಾದರೆ ಹುಳಿ ಸತ್ತು, ಹಂಚಿನ ಛಾಯೆ ಕರಿದಾಗುತ್ತದೆ.

ನಡುವಿನ ಕ್ರೀಮ್ ಚೀಸಿಗೂ ಒಂದು ಹೆಸರಿನ ಕಥೆಯುಂಟು. 1870ರ ದಶಕದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಚೆಸ್ಟರಿನಲ್ಲಿ ವಿಲಿಯಂ ಲಾರೆನ್ಸ್ ಎಂಬವನು ಇದನ್ನು ತಯಾರಿಸತೊಡಗಿದ. 1880ರಲ್ಲಿ ಇದಕ್ಕೆ ‘ಫಿಲಡೆಲ್ಫಿಯ’ ಎಂಬ ಹೆಸರಿಟ್ಟರು, ಫಿಲಡೆಲ್ಫಿಯದಲ್ಲಿ ಮಾಡಿದ್ದರಿಂದಲ್ಲ, ಒಳ್ಳೆಯ ಹಾಲಿನ ಪದಾರ್ಥಗಳಿಗೆ ಆ ಊರು ಹೆಸರಾಗಿದ್ದುದರಿಂದ! ಆದರೆ ಇಲ್ಲಿ ಹೆಸರು ಸುಳ್ಳಾದರೂ ವಸ್ತು ನಿಜ. ಅಮೆರಿಕದ ನಿಯಮದಂತೆ ಅದರಲ್ಲಿ ನೂರಕ್ಕೆ 33 ಭಾಗಕ್ಕಿಂತ ಕಡಿಮೆ ಹಾಲಿನ ಕೊಬ್ಬು ಇರಕೂಡದು. ಕೆಂಪು ಕೇಕಿನ ಹಳೆಯ ಸಂಗಾತಿ ಇದಾಗಿರಲಿಲ್ಲ. ಹಾಲನ್ನೂ ಹಿಟ್ಟನ್ನೂ ಕಾಯಿಸಿ ಬೆಣ್ಣೆಯೊಡನೆ ಕಡೆದ ‘ಅರ್ಮಿನ್’ ಎಂಬ ಲೇಪವಿತ್ತು. ಆದರೂ ಹುಳಿಮಜ್ಜಿಗೆಯ ಕೇಕಿಗೆ ಹುಳಿಚೀಸು ಒಪ್ಪುವಂತೆ ಮತ್ತೊಂದು ಒಪ್ಪದು. ಚೀಸು 225 ಗ್ರಾಂ, ಬೆಣ್ಣೆ 60 ಗ್ರಾಂ, ಪುಡಿಸಕ್ಕರೆ 120 ಗ್ರಾಂ; ಬೆಣ್ಣೆ ಸಕ್ಕರೆಗಳನ್ನು ಮೊದಲು ಕಡೆದು, ಚೀಸನ್ನು ಕೊನೆಗೆ ಸೇರಿಸಬೇಕು, ಬಹಳ ಹೊತ್ತು ತಿರುವಿದರೆ ನೀರಾಗುತ್ತದೆ. ದುಬಾರಿಯೆನಿಸಿದವರು ಒಂದು ಲೀಟರು ಗಟ್ಟಿಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ತೂಗಹಾಕಲಿ. ಶ್ರೀಖಂಡ ಬಲ್ಲ ಧಾರವಾಡ ಬೆಳಗಾವಿಯವರಿಗೆ ಇದನ್ನು ಕಲಿಸಬೇಕಾಗಿಲ್ಲ. ಅದು ಕ್ರೀಮ್ ಚೀಸಲ್ಲ, ಅದರಷ್ಟು ಬಿಗಿಯೂ ಇರದು. ತಣ್ಣಗಿಟ್ಟು ಅಂದೇ ತಿನ್ನಬೇಕು. ಆದರೆ ರುಚಿಯಲ್ಲಿ ನಾಚಬೇಕಾದದ್ದು ಏನೂ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

‘ಇದು ಬರಿಯ ಚಾಕೊಲೇಟ್ ಕೇಕಲ್ಲವೇ?’ ಎಂದು ಮಗು ಕೇಳೀತು. ಅಲ್ಲ. ಚಾಕೊಲೇಟ್ ಕೇಕಿನಲ್ಲಿ ಕೋಕೋ ದೊರೆ; ಇಲ್ಲಿ ಅದು ಮಂತ್ರಿ. ಮಜ್ಜಿಗೆಯ ಸಣ್ಣ ಹುಳಿ, ಕೋಕೋವಿನ ಸಣ್ಣ ಕಹಿ, ಚೀಸಿನ ತಂಪು, ಇವು ಒಂದರ ಹಿಂದೆ ಒಂದು ಬಂದು ಮಾತಾಡಿಸುತ್ತವೆ. ಸಂದೇಹವಿದ್ದವರು ಶೀಷೆಯ ಕೇಕನ್ನೂ ಇದನ್ನೂ ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿ ಮಕ್ಕಳಿಗೆ ತಿನ್ನಿಸಿ ನೋಡಲಿ. ಬಣ್ಣಕ್ಕೆ ಸ್ವಾದವಿಲ್ಲ, ಹೆಚ್ಚಾದಾಗ ಬರುವ ಕಹಿಯೊಂದನ್ನುಳಿದು ಅದು ನಾಲಿಗೆಗೆ ಕೊಡುವುದು ಏನೂ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಮಕ್ಕಳಿಗೆ ಗಾದೆ ಹೇಳಿಕೊಡುವ ನಾವೇ, ಕೆಂಪಗಿರುವುದೆಲ್ಲ ಮಖಮಲ್ಲೆಂದು ತಿನ್ನಿಸುವುದು ನ್ಯಾಯವೇ?

‘ಮನೆಯಲ್ಲಿ ಮಾಡಿದ್ದು’ ಎಂಬುದು ನಮ್ಮ ಭಾಷೆಯಲ್ಲಿ ಒಂದು ಪ್ರಮಾಣಪತ್ರ. ಉಪ್ಪಿನಕಾಯಿಯಿಂದ ಚಕ್ಕುಲಿಯವರೆಗೆ ಆ ಮಾತನ್ನು ಕೇಳಿದೊಡನೆ ಅತಿಥಿ ಮರುಪ್ರಶ್ನೆ ಮಾಡದೆ ಕೈಯೊಡ್ಡುತ್ತಾನೆ. ಆ ವಿಶ್ವಾಸವನ್ನು ಗಳಿಸಲು ನಮ್ಮ ಅಜ್ಜಿಯರು ಒಲೆಯ ಮುಂದೆ ಎಷ್ಟೋ ತಲೆಮಾರು ಕುಳಿತಿದ್ದಾರೆ. ಒಂದು ಶೀಷೆಗೆ ಅದನ್ನು ಮಾರಿಕೊಳ್ಳಬಾರದು. ಕೇಕು ಪರದೇಶದ್ದಾದರೇನು, ಒಲೆ ನಮ್ಮದು, ಕೈ ನಮ್ಮದು, ತಿನ್ನುವ ಮಕ್ಕಳು ನಮ್ಮವು. ಕೆಂಪಿಲ್ಲದಿದ್ದರೆ ಹೆಸರು ಸುಳ್ಳಾಗುವುದೆಂಬ ಭಯವಿದ್ದವರು ವಿಶೇಷಣವನ್ನು ಬಿಟ್ಟುಬಿಡಲಿ. ಸುಮ್ಮನೆ ‘ಮಖಮಲ್ ಕೇಕು’ ಎನ್ನಲಿ. ವ್ಯಾಕರಣಕ್ಕೂ ಸಮ್ಮತ, ನಾಲಿಗೆಗೂ ಸಮ್ಮತ.